ಮನೆ ಮಾಲೀಕರ ಸಹಿಗೆ ಕಾಯುತ್ತಿರುವ ಚಟ್ನಿಪುಡಿ: ರಾಜ್ಯದ ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಮೆಷಿನ್, ಹೊರಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಪಹಣಿ ತೆಗೆಸುವವರು, ಜಾತಿ-ಆದಾಯ ಸರ್ಟಿಫಿಕೇಟ್‌ಗೆ ಅರ್ಜಿ ಹಾಕುವವರು, ಸ್ಕಾಲರ್‌ಶಿಪ್ ಹುಡುಗರು ದಿನಾ ಬರುತ್ತಾರೆ. ಕೆಲವು ವರ್ಷಗಳಿಂದ ಇನ್ನೊಂದು ಗುಂಪು ಜಾಸ್ತಿಯಾಗಿದೆ. ಮನೆಯಲ್ಲೇ ಏನಾದರೂ ಮಾಡಿ ಮಾರುವವರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಪ್ಪಳ-ಸಂಡಿಗೆ, ಹಬ್ಬಕ್ಕೆ ಹೋಳಿಗೆ, ದುಗ್ಗಮ್ಮನ ಜಾತ್ರೆಗೆ ಕರದಂಟು. ಬಹುತೇಕ ಹೆಂಗಸರು. ಬಂದವರು ಕೇಳುವುದು ಒಂದೇ: "ಅಣ್ಣಾ, ನಮಗೊಂದು ಲೈಸೆನ್ಸ್ ಮಾಡಿಕೊಡ್ರಿ."

ಇದನ್ನು ಯಾವುದೋ ಒಂದು ಇಲಾಖೆಗೆ ಬರೆಯಬಹುದಿತ್ತು. ಬರೆದರೆ ಏನು ಉತ್ತರ ಬರುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ." ನಗರಾಡಳಿತ, ಇಂಧನ, ಕಾರ್ಮಿಕ, ವಾಣಿಜ್ಯ ತೆರಿಗೆ, ಕೈಗಾರಿಕೆ ಇಷ್ಟೂ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಇರುವುದು ನಿಮ್ಮ ಕುರ್ಚಿಗೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸರ್ಕಾರದ ಫೀಸು ಜಾಸ್ತಿ, ನಿಯಮ ಕಷ್ಟ ಅಂತ ಅಳುವ ಪತ್ರ ಇದಲ್ಲ. ಸಣ್ಣ ವ್ಯಾಪಾರದವರಿಗೆ ಕಾಗದದ ಮೇಲೆ ಎಲ್ಲವೂ ಸಲೀಸಾಗಿಯೇ ಇದೆ. ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ಮಾಡಿದ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ನಡೆಯುತ್ತಿದೆ, ಪೂರ್ತಿ ಉಚಿತ. ಆಧಾರ್ ಇದ್ದರೆ, ಪ್ಯಾನ್ ಇದ್ದರೆ ಸಾಕು. ಒಂದು ಕಾಗದವನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ. ಓಟಿಪಿ ಬಂದರೆ ಚಹಾ ಕುಡಿದು ಮುಗಿಸುವುದರೊಳಗೆ ಕೆಲಸ ಆಗುತ್ತದೆ. ಆಹಾರ ಪದಾರ್ಥ ಮಾಡುವವರಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2011ರ ನಿಯಮದಲ್ಲೇ ಸಣ್ಣವರಿಗೆಂದು ಬೇರೆ ದಾರಿ ಮಾಡಿದ್ದರು. ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಲೈಸೆನ್ಸ್ ಬೇಡ, ಬರೀ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ ಅಂತ ಅದರಲ್ಲಿ ಇಟ್ಟಿದ್ದರು. ಜಿಎಸ್‌ಟಿ ನೋಂದಣಿಗೂ ಸರ್ಕಾರಕ್ಕೆ ಕಟ್ಟುವ ಫೀಸು ಇಲ್ಲ.

ಹಾಗಾದರೆ ಜನ ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಒಂದೇ ಒಂದು ಹಾಳೆಯಲ್ಲಿ. ಮನೆ ಮಾಲೀಕರ ಒಪ್ಪಿಗೆ ಪತ್ರ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ ಎನ್‌ಒಸಿ.

ನನ್ನ ಅಂಗಡಿಗೆ ಬರುವ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ, ಹೆಸರು ಬೇಡ. ಗಂಡ ಆಟೋ ಓಡಿಸುತ್ತಾರೆ. ಈಕೆ ಶೇಂಗಾ ಪುಡಿ ಮಾಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಬಿಸಿಲಿಗೆ ಹಾಕಿ, ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ. ಮಿಕ್ಸಿಗೆ ಹಾಕಿದರೂ ಒಂದೇ ಸಲ ಗರ್ ಅನಿಸುವುದಿಲ್ಲ, ಬಿಟ್ಟು ಬಿಟ್ಟು ತಿರುಗಿಸುತ್ತಾರೆ. ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆ ಆಗುತ್ತದಂತೆ. ಓಣಿಯಲ್ಲಿ ಮಾರಿದ್ದು ಆಯಿತು, ಮೆಸ್‌ಗಳಿಗೆ ಕೊಟ್ಟಿದ್ದು ಆಯಿತು. ಕೊನೆಗೆ ಊರಿನ ಒಂದು ಸೂಪರ್ ಮಾರ್ಕೆಟ್‌ನವರು, "ನಮಗೂ ಹಾಕಿ, ಆದರೆ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಬೇಕು, ಚೆಕ್ಕು ನಿಮ್ಮ ಅಂಗಡಿ ಹೆಸರಿನ ಕರೆಂಟ್ ಅಕೌಂಟಿಗೆ ಕೊಡ್ತೀವಿ" ಅಂದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಉದ್ಯಮ್ ಅರ್ಧ ಗಂಟೆಯಲ್ಲಿ ಆಯಿತು. ಅದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಖಾತೆ ತೆರೆಯಬೇಕಾದರೆ ವ್ಯಾಪಾರದ ಹೆಸರಲ್ಲಿ ಎರಡು ಕಾಗದ ಕೇಳಬೇಕು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಹೇಳುತ್ತದೆ. ಎರಡು ಸಿಗುವ ಹಾಗಿಲ್ಲ ಎಂದು ಮನವರಿಕೆಯಾದರೆ, ಜಾಗ ನೋಡಿ ಖಾತ್ರಿ ಮಾಡಿಕೊಂಡು ಒಂದರಲ್ಲೇ ತೆರೆಯಬಹುದು ಎಂದೂ ಅದೇ ನಿಯಮ ಹೇಳುತ್ತದೆ. ಎರಡನೇ ಸಾಲನ್ನು ಕೌಂಟರಿನಲ್ಲಿ ಯಾರು ಓದುತ್ತಾರೆ? "ಟ್ರೇಡ್ ಲೈಸೆನ್ಸ್ ಅಥವಾ ಲೇಬರ್ ಲೈಸೆನ್ಸ್ ತಗೊಂಡು ಬನ್ನಿ ಮೇಡಂ" ಅಂದರು. ಟ್ರೇಡ್ ಲೈಸೆನ್ಸ್‌ಗೆ ಪಾಲಿಕೆಗೆ ಹೋದರೆ ಬಾಡಿಗೆ ಕರಾರು, ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಮಾಲೀಕರ ಒಪ್ಪಿಗೆ. ಆಹಾರ ನೋಂದಣಿಗೆ ಆಧಾರ್‌ನಲ್ಲಿರುವ ವಿಳಾಸವೇ ಆಗಿದ್ದರೆ ತೊಂದರೆ ಇರಲಿಲ್ಲ. ಈಕೆಯ ಆಧಾರ್‌ನಲ್ಲಿ ಇರುವುದು ಗಂಡನ ಊರಿನ ವಿಳಾಸ. ಬಾಡಿಗೆ ಮನೆಯಲ್ಲಿ ಇರುವ ಅರ್ಧ ಜನರ ಕಥೆ ಇದೇ. ಎಲ್ಲಿ ಹೋದರೂ ಕೊನೆಗೆ ಮೇಲಿನ ಮನೆಯ ಮೆಟ್ಟಿಲು ಹತ್ತಲೇಬೇಕು.

ಮಾಲೀಕರು ಒಳ್ಳೆಯ ಮನುಷ್ಯರೇ. ನಾನೇ ಜೊತೆಗೆ ಹೋಗಿದ್ದೆ. ನೀರು ಕೊಟ್ಟರು, ಕೂರಿಸಿದರು. ಪುಡಿ ಚೆನ್ನಾಗಿರುತ್ತದೆ, ನಾವೂ ತಗೊಳ್ಳುತ್ತೇವೆ ಅಂದರು. ಸಹಿ ಅಂದ ತಕ್ಷಣ ಕೈ ಹಿಂದಕ್ಕೆ ಹೋಯಿತು. "ನೋಡಮ್ಮಾ, ನೀ ಏನಾದ್ರೂ ಮಾಡ್ಕ, ನಾ ಬ್ಯಾಡ ಅನ್ನಲ್ಲ. ಆದ್ರೆ ನನ್ನ ಮನಿ ನಂಬರ್ ಯಾವ ಕಾಗದದಾಗೂ ಹಾಕಬ್ಯಾಡ."

ಸಿಟ್ಟು ಬರುವ ಮಾತು. ಆದರೆ ಅವರ ಲೆಕ್ಕವನ್ನೂ ಕೇಳಿ. ಒಂದು, ಮೀಟರ್. ಮನೆಯಲ್ಲಿ ವ್ಯಾಪಾರ ಅಂತ ದಾಖಲೆ ಆದರೆ ಮೀಟರನ್ನು ವಾಣಿಜ್ಯ ದರಕ್ಕೆ ಹಾಕುತ್ತಾರೆ ಎಂಬ ಭಯ. ಎರಡು, ಗೃಹಜ್ಯೋತಿ. 2023ರಿಂದ 200 ಯೂನಿಟ್‌ವರೆಗೆ ಬಿಲ್ಲಿಲ್ಲದೆ ಬಾಡಿಗೆದಾರರೂ ನೆಮ್ಮದಿಯಾಗಿದ್ದಾರೆ. ವಾಣಿಜ್ಯ ಬಳಕೆಗೆ ಆ ಯೋಜನೆ ಇಲ್ಲ. ಸಹಿ ಹಾಕಿದರೆ ಅದೂ ಹೋಗುತ್ತದೆ ಅಂತ ಮಾಲೀಕರಿಗಿಂತ ಬಾಡಿಗೆಯವರಿಗೇ ಹೆಚ್ಚು ಹೆದರಿಕೆ. ಮೂರು, ಕಂದಾಯ. ವಾಸದ ಮನೆಗೊಂದು ದರ, ವಾಣಿಜ್ಯಕ್ಕೆ ಅದಕ್ಕಿಂತ ಜಾಸ್ತಿ ದರ. ಇನ್ನೊಂದು ಭಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನಾಳೆ ಈಕೆ ಮನೆ ಬಿಡದೆ ಕೂತರೆ? ಲೈಸೆನ್ಸ್ ಬೇರೆ ಇದೆ ಅಂದರೆ?

ಅಂದರೆ ಸರ್ಕಾರ ಒಂದು ಕೈಯಲ್ಲಿ "ಬನ್ನಿ, ನೋಂದಣಿ ಮಾಡಿಸಿಕೊಳ್ಳಿ" ಅಂತ ಕರೆಯುತ್ತದೆ. ನೋಂದಣಿ ಮಾಡಿಸಿಕೊಂಡರೆ ಆಗುವ ನಷ್ಟ ಮಾತ್ರ ಮೂರನೆಯವರ ತಲೆ ಮೇಲೆ. ಅವರಿಗೆ ಅದರಿಂದ ಒಂದು ರೂಪಾಯಿ ಲಾಭ ಇಲ್ಲ. ಅವರು ಯಾಕೆ ಸಹಿ ಹಾಕಬೇಕು ಹೇಳಿ? ನಾನಾದರೂ ಹಾಕುತ್ತಿರಲಿಲ್ಲ.

ಈಗ ಕರೆಂಟಿನ ವಿಷಯಕ್ಕೆ ಬರೋಣ. ಇದು ಬಹಳ ಜನರಿಗೆ ಗೊತ್ತಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಗೃಹ ಬಳಕೆ ಅನ್ನುವ ವರ್ಗದ ಕೆಳಗೆ ಒಂದು ಪಟ್ಟಿ ಬರುತ್ತದೆ. ಮನೆಯ ಒಂದು ಭಾಗದಲ್ಲಿ ಇಂಥಿಂಥ ಕೆಲಸ ಮಾಡಿಕೊಂಡರೂ ಅದನ್ನು ಮನೆ ಎಂದೇ ಎಣಿಸಬೇಕು ಅಂತ. ಕೈಮಗ್ಗ ಇದೆ. ರೇಷ್ಮೆ ಸಾಕಣೆ ಇದೆ. 200 ವ್ಯಾಟ್ ಒಳಗಿನ ಮೋಟಾರು ಬಳಸುವ ಕುಶಲಕರ್ಮಿಗಳು ಇದ್ದಾರೆ. ಹೊಲಿಗೆ, ಟೈಪಿಂಗ್, ಚಿನ್ನ-ಬೆಳ್ಳಿ ಕೆಲಸ, ಬಟ್ಟೆ ಒಗೆಯುವವರು, ಬ್ಯೂಟಿ ಪಾರ್ಲರ್, ಕೈಯಿಂದ ನಡೆಸುವ ಮುದ್ರಣ ಯಂತ್ರ. ಡಾಕ್ಟರು, ವಕೀಲರು, ಎಂಜಿನಿಯರು, ಚಾರ್ಟರ್ಡ್ ಅಕೌಂಟೆಂಟ್ ಸಲಹೆ ಕೊಡುವ ಕೋಣೆ. ಅವರ ಸಾಲಿನಲ್ಲೇ ಜ್ಯೋತಿಷ್ಯವೂ ಇದೆ.

ಒಳ್ಳೆಯ ಪಟ್ಟಿ. ಯಾರೋ ಮನೆ ಬದುಕು ಬಲ್ಲವರೇ ಬರೆದಿದ್ದಾರೆ. ಆದರೆ ಮನೆಯಲ್ಲಿ ತಿಂಡಿ ಮಾಡಿ ಮಾರುವವರ ಹೆಸರು ಅದರಲ್ಲಿ ಇಲ್ಲ. ಮನೆಯಲ್ಲಿ ಕೂತು ಜಾತಕ ನೋಡಿದರೆ ಮನೆ ಕರೆಂಟು, ಶೇಂಗಾ ಪುಡಿ ಮಾಡಿದರೆ ಅಂಗಡಿ ಕರೆಂಟು! ಕುಶಲಕರ್ಮಿ ಅಂತ ಸೇರಿಸೋಣ ಅಂದರೆ ಮನೆ ಮಿಕ್ಸಿಯೇ 500ರಿಂದ 750 ವ್ಯಾಟ್ ಇರುತ್ತದೆ. ಅದೇ ಮಿಕ್ಸಿಯಲ್ಲಿ ರಾತ್ರಿ ಊಟಕ್ಕೆ ಚಟ್ನಿ ರುಬ್ಬಿದರೆ ತೊಂದರೆ ಇಲ್ಲ ನೋಡಿ.

ಈ ಪಟ್ಟಿಗೆ ಒಂದು ಸಾಲು ಸೇರಿದರೆ ಸಾಕು. "ವಾಸದ ಮನೆಯಲ್ಲಿ ಮನೆಯವರೇ ಮಾಡುವ ಆಹಾರ ತಯಾರಿಕೆ, ಮೋಟಾರು ಒಂದು ಎಚ್‌ಪಿ ಒಳಗೆ." ಒಂದು ಎಚ್‌ಪಿ ಅನ್ನುವುದು ನನ್ನ ಹೊಸ ಕಲ್ಪನೆ ಅಲ್ಲ. ಅದೇ ಪಟ್ಟಿಯಲ್ಲಿ ಮೇವು ಕತ್ತರಿಸುವ, ಹಾಲು ಕರೆಯುವ ಯಂತ್ರಕ್ಕೆ ಅಷ್ಟೇ ಮಿತಿ ಕೊಟ್ಟಿದ್ದಾರೆ. ದರ ನಿಗದಿ ಆಯೋಗದ ಕೆಲಸ, ಸರ್ಕಾರದ್ದಲ್ಲ ಅನ್ನಬಹುದು. ಸರಿ. ಆದರೆ ಆಯೋಗ ದರ ಬದಲಿಸುವ ಮುಂಚೆ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ನಮ್ಮಂಥವರು ಒಂದು ಅರ್ಜಿ ಕೊಡಬಹುದು, ನಿಮ್ಮ ಇಂಧನ ಇಲಾಖೆಯೂ ಒಂದು ಪತ್ರ ಬರೆಯಬಹುದು. 2003ರ ವಿದ್ಯುತ್ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಜನರ ಹಿತದ ನೀತಿ ವಿಷಯಗಳಲ್ಲಿ ರಾಜ್ಯ ಸರ್ಕಾರ ಆಯೋಗಕ್ಕೆ ನಿರ್ದೇಶನವನ್ನೂ ಕೊಡಬಹುದು. ದಾರಿ ಇದೆ. ನಡೆಯುವವರು ಬೇಕು.

ಇಷ್ಟೆಲ್ಲ ತಲೆನೋವು ಯಾಕೆ, ನೋಂದಣಿ ಇಲ್ಲದೆ ಓಣಿಯಲ್ಲೇ ಮಾರಿಕೊಂಡಿರಲಿ ಅಂತ ಕೆಲವರು ಅನ್ನುತ್ತಾರೆ. ನನ್ನ ಅಂಗಡಿಗೆ ಬರುವ ಒಬ್ಬ ನಿವೃತ್ತ ನೌಕರರೇ ಅಂದಿದ್ದರು. ಇರಬಹುದು. ಆದರೆ ಕಾಗದ ಇಲ್ಲದಿದ್ದರೆ ಏನೇನು ಕೈತಪ್ಪುತ್ತದೆ ನೋಡಿ. ಕಿರು ಆಹಾರ ಘಟಕಗಳಿಗೆಂದು 2020ರಲ್ಲಿ ಬಂದ ಪಿಎಂಎಫ್‌ಎಂಇ ಅನ್ನುವ ಕೇಂದ್ರದ ಯೋಜನೆಯಲ್ಲಿ ಶೇ. 35 ಸಹಾಯಧನ ಇಟ್ಟರು. ಅದರ ಮೇಲೆ ನಮ್ಮ ರಾಜ್ಯವೇ ಶೇ. 15 ಸೇರಿಸಿದೆ. ಒಟ್ಟು ಶೇ. 50, ಗರಿಷ್ಠ 15 ಲಕ್ಷ. ದೇಶದಲ್ಲಿ ಹೀಗೆ ತನ್ನ ಜೇಬಿನಿಂದ ಸೇರಿಸಿ ಕೊಡುವ ಮನಸ್ಸು ಮಾಡಿದ ಸರ್ಕಾರಕ್ಕೆ ನಾನು ಕೈ ಮುಗಿಯುತ್ತೇನೆ. ಕಲಬುರಗಿಯಲ್ಲಿ ಜೋಳದ ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಂಘಗಳನ್ನು ಒಟ್ಟುಗೂಡಿಸಿ ಜಿಲ್ಲಾಡಳಿತವೇ 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿತು. ಅದೂ ಆಗುವ ಕೆಲಸ ಅಂತ ತೋರಿಸಿಕೊಟ್ಟಿದ್ದಾರೆ. ಆದರೆ ಅಲ್ಲಿ ಜಿಲ್ಲಾಡಳಿತವೇ ಬೆನ್ನಿಗೆ ನಿಂತಿತ್ತು. ನಮ್ಮ ಓಣಿಯ ಅಕ್ಕನ ಹಿಂದೆ ಯಾರಿದ್ದಾರೆ?

ಇನ್ನೊಂದು, ದುಡ್ಡು ವಸೂಲಿ. ಸಾಲದ ಮೇಲೆ ಮಾಲು ತಗೊಂಡು ತಿಂಗಳುಗಟ್ಟಲೆ ಅಲೆಸುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಣಿ ಇರುವ ಕಿರು ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಲೇಬೇಕು. ಕೊಡದಿದ್ದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಸಾಲನ್ನು ಪ್ರಿಂಟ್ ತೆಗೆದು ಅಂಗಡಿ ಗೋಡೆಗೆ ಅಂಟಿಸಿದ್ದೇನೆ. ಓದಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ, "ಹೌದೇನ್ರಿ?" ಅಂತ. ಆ ಕಾನೂನಿನ ಬಲ ಬೇಕಾದರೆ ಮಾಲು ಕೊಡುವ ಮೊದಲೇ ಉದ್ಯಮ್ ಇರಬೇಕು. ನೋಂದಣಿ ಅನ್ನುವುದು ಸರ್ಕಾರಕ್ಕೆ ಕೊಡುವ ಲೆಕ್ಕ ಮಾತ್ರ ಅಲ್ಲ, ಆಕೆಯ ದುಡ್ಡಿನ ಕಾವಲೂ ಹೌದು.

ಲೇಬಲ್ ಬಗ್ಗೆ ಒಂದು ಮಾತು. ಪೊಟ್ಟಣ ಕಟ್ಟಿ ಮಾರುವವರು ಅದರ ಮೇಲೆ ತಯಾರಕರ ಹೆಸರು, ಪೂರ್ತಿ ವಿಳಾಸ, ತೂಕ, ತಯಾರಿಸಿದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಬೆಲೆ, ದೂರು ಹೇಳಲು ಫೋನ್ ನಂಬರ್ ಹಾಕಬೇಕು. 2011ರ ಪೊಟ್ಟಣ ಸಾಮಗ್ರಿ ನಿಯಮ ಅದು. ಗಿರಾಕಿಗೆ ಬೇಕಾದ ನಿಯಮವೇ. ಆದರೆ ಮನೆಯಲ್ಲೇ ಕೆಲಸ ಮಾಡುವ ಹೆಂಗಸಿಗೆ ಇದರ ಅರ್ಥ ಏನು? ಮನೆ ವಿಳಾಸ, ಸ್ವಂತ ಮೊಬೈಲ್ ನಂಬರ್ ಊರಿಡೀ ಹಂಚಿದ ಹಾಗೆ. ರಾತ್ರಿ ಹತ್ತಕ್ಕೆ ಬೇಡದ ಫೋನು ಬಂದು, ಗಂಡನ ನಂಬರ್ ಹಾಕಿಸಿಕೊಂಡು ಹೋದವರನ್ನು ನೋಡಿದ್ದೇನೆ. ತಾಲ್ಲೂಕಿಗೊಂದು ದೂರು-ಸಂಪರ್ಕ ವಿಳಾಸ ಮಹಿಳಾ ಸಂಘಗಳ ಒಕ್ಕೂಟದ ಕಚೇರಿಯಲ್ಲೇ ಇಡಬಹುದಾ, ಅದಕ್ಕೆ ನಿಯಮದಲ್ಲಿ ಏನು ಮಾಡಬೇಕು ಅಂತ ಕಾನೂನು ಮಾಪನ ಇಲಾಖೆಯವರು ಯೋಚಿಸಲಿ. ಅದು ಕೇಂದ್ರದ ನಿಯಮ, ಗೊತ್ತು. ರಾಜ್ಯ ಕೇಳಬಹುದಲ್ವಾ?

ಜಿಎಸ್‌ಟಿ ಹೆಸರು ಎತ್ತಿದರೆ ಈಗ ಜನ ಕುರ್ಚಿ ಬಿಟ್ಟು ಏಳುತ್ತಾರೆ. 2025ರ ಜುಲೈ ನೆನಪಿರಬೇಕು ನಿಮಗೆ. ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಹೋದವು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನುವ ಚೀಟಿ ಬಿತ್ತು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಕೂರಿಸಿ, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಅನ್ನಬೇಕಾಯಿತು. ವಿಷಯ ಅಲ್ಲಿಗೆ ತಣ್ಣಗಾಯಿತು ಅಂತ ವಿಧಾನಸೌಧದಲ್ಲಿ ಅಂದುಕೊಂಡಿರಬಹುದು. ಇಲ್ಲಿ ಆಗಿಲ್ಲ. ದಿನಕ್ಕೆ ಸಾವಿರ ರೂಪಾಯಿ ವ್ಯಾಪಾರ ಇಲ್ಲದವರೂ ಬಂದು, "ಫೋನ್‌ಪೇ ಬೋರ್ಡ್ ತೆಗೆದುಬಿಡ್ಲಾ ಅಣ್ಣಾ?" ಅಂತ ಕೇಳುತ್ತಾರೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ನೋಂದಣಿ ಬೇಕು, ಅಂದರೆ ದಿನಕ್ಕೆ ಸುಮಾರು 11 ಸಾವಿರ ಅಂತ ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತೇನೆ. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಅರ್ಧ ಜನ ನಂಬುತ್ತಾರೆ. ಉಳಿದರ್ಧ ಬೋರ್ಡ್ ತಿರುಗಿಸಿ ಇಡುತ್ತಾರೆ.

ಆದರೆ ಈ 40 ಲಕ್ಷದ ಮಾತಿಗೆ ಒಂದು ಬಾಲ ಇದೆ. ರಾಜ್ಯದ ಗಡಿ ದಾಟಿ ತೆರಿಗೆ ಇರುವ ಸರಕು ಮಾರಿದರೆ ಮಿತಿಯೇ ಇಲ್ಲ, ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಬಳ್ಳಾರಿಯವರು ಗುಂತಕಲ್ಲಿಗೆ, ದಾವಣಗೆರೆಯವರು ಪುಣೆಯಲ್ಲಿರುವ ನಮ್ಮವರಿಗೆ ಪುಡಿ ಕಳಿಸುವುದು ಹೊಸದೇನಲ್ಲ. ಕೊಲ್ಹಾಪುರ ನಿಪ್ಪಾಣಿಗೆ ಬೆಂಗಳೂರಿಗಿಂತ ಎಷ್ಟು ಹತ್ತಿರ ಅಂತ ನಿಮಗೆ ಹೇಳಬೇಕಾ? ಹಾಗಾಗಿ ಚಿಕ್ಕವರಿಗೂ ಜಿಎಸ್‌ಟಿ ಬೇಕಾಗುತ್ತದೆ. ಅಲ್ಲಿಗೆ ಮತ್ತೆ ಅದೇ ಬಾಡಿಗೆ ಕರಾರು, ಅದೇ ಕರೆಂಟ್ ಬಿಲ್ಲು.

ಇಲ್ಲಿ ಒಂದು ಒಳ್ಳೆಯ ಬೆಳವಣಿಗೆಯನ್ನೂ ಹೇಳಬೇಕು. 2025ರ ಏಪ್ರಿಲ್ 17ರಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ತನ್ನ ಅಧಿಕಾರಿಗಳಿಗೆ ಒಂದು ಸೂಚನೆ ಕಳಿಸಿತು. ಬಾಡಿಗೆ ಜಾಗಕ್ಕೆ ಕರಾರು ಮತ್ತು ಮಾಲೀಕರ ಒಂದೇ ಒಂದು ದಾಖಲೆ ಸಾಕು, ಕಂದಾಯದ ರಸೀದಿಯೋ ಕರೆಂಟ್ ಬಿಲ್ಲೋ ಯಾವುದಾದರೂ ಸರಿ. ಸುಮ್ನೆ ಬೇಡದ ಕಾಗದ ಕೇಳಬೇಡಿ, ಊಹೆ ಮಾಡಿಕೊಂಡು ಪ್ರಶ್ನೆ ಹಾಕಬೇಡಿ ಅಂತ ಬಿಡಿಸಿ ಬರೆದಿದ್ದಾರೆ. ಅದೇ ವರ್ಷ ನವೆಂಬರ್ 1ರಿಂದ ತೊಂದರೆ ಇಲ್ಲದ ಅರ್ಜಿಗಳಿಗೆ 3 ಕೆಲಸದ ದಿನದಲ್ಲಿ ನೋಂದಣಿ ಕೊಡುವ ವ್ಯವಸ್ಥೆಯೂ ಬಂತು. ನಮ್ಮ ಪಾಲಿಕೆ, ಪುರಸಭೆ, ಪಂಚಾಯಿತಿ ಕೌಂಟರುಗಳಿಗೂ ಇಂಥದೇ ಒಂದು ಪುಟದ ಸುತ್ತೋಲೆ ಬೇಕು. ಏನು ಕೇಳಬೇಕು ಅನ್ನುವುದಕ್ಕಿಂತ ಏನು ಕೇಳಬಾರದು ಅನ್ನುವುದು ಅದರಲ್ಲಿ ದಪ್ಪ ಅಕ್ಷರದಲ್ಲಿ ಇರಲಿ.

ಕೌಂಟರಿನ ಹತ್ತಿರ ಆಗುವುದನ್ನು, ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಕೊಡಲೇಬೇಕು ಅನ್ನುವ ಸಕಾಲ ಕಾಯ್ದೆ ತಡೆಯಬೇಕಿತ್ತು. 2011ರ ಕಾಯ್ದೆ, ದೇಶವೇ ತಿರುಗಿ ನೋಡಿದ ಕಾಯ್ದೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ನನ್ನ ಮೂಲಕ ಅರ್ಜಿ ಹಾಕಿದವರಲ್ಲಿ ಆ 20 ರೂಪಾಯಿ ಪಡೆದವರನ್ನು ನಾನು ಕಂಡಿಲ್ಲ. ಯಾಕಂದರೆ ಅರ್ಜಿ ತಡ ಆಗುವುದೇ ಇಲ್ಲ, ವಾಪಸ್ ಬರುತ್ತದೆ. "ಮಾಲೀಕರ ಒಪ್ಪಿಗೆ ಪತ್ರ ಸ್ಪಷ್ಟವಾಗಿಲ್ಲ." ಮತ್ತೆ ಹೊಸ ಅರ್ಜಿ, ಮತ್ತೆ ಹೊಸ ದಿನಾಂಕ. ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು ದೆವ್ವಕ್ಕೆ. ನಮ್ಮ ಜನರನ್ನು ಕಂಡರೆ ಇವರಿಗೆ ಹಾಗೇ ಅನಿಸುತ್ತದೋ ಏನೋ.

ಜಿಎಸ್‌ಟಿಯಲ್ಲಿ ಇನ್ನೊಂದು ಥರ. ಅಧಿಕಾರಿ ಪ್ರಶ್ನೆ ಹಾಕಿದರೆ 7 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಪ್ರಶ್ನೆ ಬರುವುದು ಇಮೇಲ್‌ಗೆ. ಇಮೇಲ್ ಇರುವುದು ಮಗನ ಫೋನಿನಲ್ಲಿ. ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಹೋಗಿದ್ದಾನೆ. ಬಂದ ಮೆಸೇಜಾದರೂ ಇಂಗ್ಲಿಷಿನಲ್ಲಿ. ಅರ್ಜಿ ಬಿದ್ದುಹೋದ ಮೇಲೆ ನನ್ನ ಹತ್ತಿರ ಬರುತ್ತಾರೆ.

ಇಂಗ್ಲಿಷ್ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ್ದೀರಿ. ನನಗೆ ಖುಷಿಯೇ. ನನ್ನ ಬೋರ್ಡ್ ಮೊದಲಿನಿಂದಲೂ ಪೂರ್ತಿ ಕನ್ನಡ. ಆದರೆ ಆ ಬೋರ್ಡ್ ಹಾಕುವ ತನಕ ಆಕೆ ದಾಟಿ ಬರುವ ಕಾಗದದಲ್ಲಿ ಕನ್ನಡ ಶೇಕಡಾ ಎಷ್ಟಿದೆ? ಉದ್ಯಮ್‌ನಲ್ಲಿ ವ್ಯಾಪಾರಕ್ಕೊಂದು ಐದಂಕಿಯ ಕೋಡ್ ಆರಿಸಬೇಕು. ಹಪ್ಪಳಕ್ಕೊಂದು, ಮಸಾಲೆ ಪುಡಿಗೊಂದು, ಬೇಕರಿಗೊಂದು. ಖಡಕ್ ರೊಟ್ಟಿ ಎಲ್ಲಿ ಸೇರುತ್ತದೆ? ಗೊತ್ತಿಲ್ಲದೆ 'ಇತರೆ' ಅಂತ ಒತ್ತಿದರೆ ನಾಳೆ ಸಹಾಯಧನದ ಅರ್ಜಿಯಲ್ಲಿ "ನೀವು ಆಹಾರ ತಯಾರಕರಲ್ಲ" ಅಂತ ಬರುತ್ತದೆ. ನಮ್ಮ ಊರುಗಳಲ್ಲಿ ಮಾಡುವ ತಿಂಡಿ-ಪದಾರ್ಥಗಳ ಹೆಸರಿನ ಎದುರು ಕೋಡ್ ಬರೆದ ಒಂದು ಕನ್ನಡ ಪಟ್ಟಿ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಗೋಡೆ ಮೇಲೆ ಹಾಕಿಸಿ. ಖರ್ಚು ಅಂತ ಏನೂ ಆಗುವುದಿಲ್ಲ. ಹಾಗೇ ಉಚಿತ ಉದ್ಯಮ್‌ಗೆ ದುಡ್ಡು ಕೀಳುವ, ಸರ್ಕಾರಿ ವೆಬ್‌ಸೈಟಿನ ಹಾಗೇ ಕಾಣುವ ಖಾಸಗಿ ತಾಣಗಳ ಬಗ್ಗೆಯೂ ಅದೇ ಗೋಡೆ ಮೇಲೆ ಒಂದು ಎಚ್ಚರಿಕೆ ಇರಲಿ. ನಾನೂ ಟೈಪ್ ಮಾಡಿದ್ದಕ್ಕೆ, ಪ್ರಿಂಟ್ ತೆಗೆದದ್ದಕ್ಕೆ ದುಡ್ಡು ತಗೋತೀನಿ. ಆದರೆ ಅದು ಸರ್ಕಾರದ ಫೀಸು ಅಂತ ಹೇಳಿ ತಗೊಳ್ಳುವುದಿಲ್ಲ.

ಈಗ ನನ್ನ ಮುಖ್ಯ ಬೇಡಿಕೆ. ಇದು ನೀವು ಕೇಳಿರದ ವಿಷಯವೇನಲ್ಲ. 2020ರಲ್ಲಿ ಕೈಗಾರಿಕೆ ಸೌಲಭ್ಯ ಕಾಯ್ದೆ ತಿದ್ದಿ, ತಯಾರಿಕಾ ಕೈಗಾರಿಕೆಗಳಿಗೆ ಪ್ರಮಾಣಪತ್ರದ ಮೇಲೆ ಅನುಮತಿ ಕೊಡುವ ಪದ್ಧತಿ ತಂದಿರಿ. ಅಫಿಡವಿಟ್ ಕೊಟ್ಟು ಕಟ್ಟಡ ಶುರು ಮಾಡಿ, ರಾಜ್ಯದ ಬೇರೆ ಬೇರೆ ಇಲಾಖೆಗಳ ಅನುಮತಿಗಳನ್ನು 3 ವರ್ಷದೊಳಗೆ ತಗೊಳ್ಳಿ ಅಂತ. 2025ರ ಫೆಬ್ರುವರಿಯಲ್ಲಿ ಅರಮನೆ ಮೈದಾನದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಬಂತು. ಹೊಸ ಏಕಗವಾಕ್ಷಿ ವ್ಯವಸ್ಥೆಯನ್ನೂ ಅಲ್ಲೇ ತೆರೆದಿರಿ. ಬರಲಿ, ನಮ್ಮ ಮಕ್ಕಳಿಗೇ ಕೆಲಸ. ನನ್ನ ಪ್ರಶ್ನೆ ಇಷ್ಟೇ. ನೂರಾರು ಕೋಟಿ ಹಾಕುವವರು ಬರೆದುಕೊಟ್ಟ ಮಾತನ್ನು ನಂಬಿ ಮೂರು ವರ್ಷ ಸಮಯ ಕೊಡುತ್ತೀರಿ. ಮೂರು ಕೆಜಿ ಶೇಂಗಾ ಹುರಿಯುವವಳ ಮಾತನ್ನು ಯಾಕೆ ನಂಬುವುದಿಲ್ಲ? ಕೇಂದ್ರದ ಉದ್ಯಮ್ ನೋಂದಣಿ ನಂಬುತ್ತದೆ. ಆಕೆ ಹೇಳಿದ ವಿಳಾಸವನ್ನೇ ಬರೆದುಕೊಳ್ಳುತ್ತದೆ. ಆಮೇಲೆ ಬರುವ ಟ್ರೇಡ್ ಲೈಸೆನ್ಸ್, ಅಂಗಡಿ ಕಾಯ್ದೆಯ ನೋಂದಣಿ (ಬ್ಯಾಂಕಿನವರು ಅಂದ ಲೇಬರ್ ಲೈಸೆನ್ಸ್) ಎರಡೂ ನಿಮ್ಮ ಕೈಯಲ್ಲೇ ಇವೆ.

ವಾಸದ ಮನೆಯಲ್ಲಿ, ಮನೆಯವರೇ ಸೇರಿ, ವರ್ಷಕ್ಕೆ 12 ಲಕ್ಷದೊಳಗೆ ವ್ಯಾಪಾರ ಮಾಡುವವರಿಗೆ ಮಾಲೀಕರ ಒಪ್ಪಿಗೆ ಕೇಳುವುದನ್ನು ನಿಲ್ಲಿಸಿ. ಬದಲಿಗೆ ಒಂದು ಹಾಳೆಯ ಸ್ವಯಂ ಘೋಷಣೆ ತಗೊಳ್ಳಿ. ಅದನ್ನು ಪಾಲಿಕೆ, ಪಂಚಾಯಿತಿ, ಕಾರ್ಮಿಕ ಇಲಾಖೆ ಎಲ್ಲರೂ ಒಪ್ಪಬೇಕು ಎಂದು ಒಂದೇ ಆದೇಶ ಮಾಡಿ. ಆ ಹಾಳೆಯಿಂದ ಮನೆಯ ಕಂದಾಯವಾಗಲಿ, ಮೀಟರಾಗಲಿ, ಗೃಹಜ್ಯೋತಿಯಾಗಲಿ ಬದಲಾಗುವುದಿಲ್ಲ ಅಂತ ಅದೇ ಆದೇಶದಲ್ಲಿ ಇರಲಿ. ದುರುಪಯೋಗ ಆಗುತ್ತದೆ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆಗಬಹುದು. ಗೋದಾಮು ಮಾಡಿಕೊಂಡು ಮನೆ ಅಂತ ಬರೆಯುವವರು ಇರುತ್ತಾರೆ. ಅಂಥ ಕಡೆ ಹೋಗಿ ನೋಡಿ, ದಂಡ ಹಾಕಿ. ಒಂದು ದಿನ ಬಂದು ಅಡುಗೆಮನೆ ನೋಡಿದರೆ ಯಾವುದು ಮನೆ, ಯಾವುದು ಫ್ಯಾಕ್ಟರಿ ಅಂತ ಎಂಥವರಿಗೂ ಗೊತ್ತಾಗುತ್ತದೆ.

ಕರಡು ಮಾಡಲು ಸಮಿತಿ, ಸಮಿತಿಗೆ ಆರು ತಿಂಗಳು ಅಂತ ಆಗಬಾರದು. ಅದಕ್ಕೆ ಆ ಹಾಳೆಯನ್ನು ನಾನೇ ಬರೆದು ಕೆಳಗೆ ಕೊಟ್ಟಿದ್ದೇನೆ. ದಿನಾ ಇದೇ ಕೆಲಸ ಮಾಡುವವನು, ಕೈ ಪಳಗಿದೆ. ತಿದ್ದಿಕೊಳ್ಳಿ.

"ನಾನು ಕೆಳಗೆ ಸಹಿ ಮಾಡಿದವರು, ಈ ವಿಳಾಸದ ವಾಸದ ಮನೆಯಲ್ಲಿ ಬಾಡಿಗೆಗೆ / ಸ್ವಂತಕ್ಕೆ ಇರುತ್ತೇನೆ. ಇದೇ ಮನೆಯಲ್ಲಿ ನಾನು ಮತ್ತು ನನ್ನ ಮನೆಯವರು ಸೇರಿ ______ ತಯಾರಿಸಿ ಮಾರುತ್ತೇವೆ. ಹೊರಗಿನ ಕೂಲಿಯಾಳು ಇಲ್ಲ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರುವುದಿಲ್ಲ. ಮೀರಿದರೆ 30 ದಿನದೊಳಗೆ ತಿಳಿಸುತ್ತೇನೆ. ಬಳಸುವ ಮೋಟಾರು ಒಂದು ಎಚ್‌ಪಿ ಒಳಗಿದೆ. ಈ ನೋಂದಣಿಯ ಆಧಾರದ ಮೇಲೆ ಈ ಮನೆಯ ಮೇಲೆ ನನಗೆ ಯಾವ ಹಕ್ಕೂ ಹುಟ್ಟುವುದಿಲ್ಲ, ಮಾಲೀಕರು ಕೇಳಿದಾಗ ಕರಾರಿನ ಪ್ರಕಾರ ಮನೆ ಬಿಟ್ಟುಕೊಡುತ್ತೇನೆ. ಮೇಲೆ ಬರೆದದ್ದು ಸುಳ್ಳಾದರೆ ನೋಂದಣಿ ರದ್ದು ಮಾಡಲು, ದಂಡ ಹಾಕಲು ನನ್ನ ಒಪ್ಪಿಗೆ ಇದೆ. ಸಹಿ / ಹೆಬ್ಬೆಟ್ಟು."

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ಆನ್‌ಲೈನ್ ಸೆಂಟರ್‌ನವ